ಬುಟ್ಟಿ ಸುತ್ತುವ ಕೈ

ನಮ್ಮ ಮನೆಯಲ್ಲಿ ಅಡುಗೆಮನೆ ನನ್ನದು, ಬೀಗದ ಕೈ ನನ್ನದು, ಗಂಡನಂತೂ ಪೂರ್ತಿ ನನ್ನವನೇ. ಬುಟ್ಟಿ ಮಾತ್ರ ಅತ್ತೆಯದು. ಈ ಮನೆಗೆ ಸೊಸೆಯಾಗಿ ಬಂದು ನನ್ನ ತಲೆಯಲ್ಲೂ ಬಿಳಿ ಕೂದಲು ಇಣುಕತೊಡಗಿತ್ತು, ಆದರೂ ಆ ಬುಟ್ಟಿಗೆ ಕೈ ಹಚ್ಚುವ ಭಾಗ್ಯ ಬಂದಿರಲಿಲ್ಲ. ಹತ್ತಿರ ಹೋದರೆ ಸಾಕು, "ಏಯ್, ಕೈ ತೆಗಿ!" ಎಂದು ಗದರುತ್ತಿದ್ದರು. ನಾನೇನು ಕಳ್ಳಿಯೇ?

ಬುಟ್ಟಿ ಎಂದರೆ ತರಕಾರಿ ಬುಟ್ಟಿಯಲ್ಲ, ಗಾಳದ ದಾರದ ಬುಟ್ಟಿ. ಅಗಲ ಬಾಯಿ, ಮೊಣಕಾಲಿನಷ್ಟೂ ಎತ್ತರವಿಲ್ಲ. ಒಳಗೆ ಒಂದೇ ಒಂದು ಉದ್ದನೆಯ ದಾರ. ನಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ಎಳೆದರೂ ಇನ್ನೂ ಮಿಗುತ್ತದೆ. ಆ ದಾರಕ್ಕೆ ಒಂದೊಂದು ಮಾರು ದೂರಕ್ಕೆ ಒಂದರಂತೆ ಮರಿದಾರ, ಮರಿದಾರದ ತುದಿಗೆ ಗಾಳ, ಗಾಳದ ಬಾಯಿಗೆ ಒಂದು ತುಂಡು ಎರೆ. ಮಧ್ಯಾಹ್ನ ಕೂತು ಈ ದಾರವನ್ನು ಸುತ್ತುಸುತ್ತಾಗಿ ಬುಟ್ಟಿಗೆ ಇಳಿಸಬೇಕು, ಗಾಳಗಳನ್ನು ಅಂಚಿನ ಹುರಿಗೆ ಸಾಲಾಗಿ ಸಿಕ್ಕಿಸುತ್ತ ಬರಬೇಕು. ಮರುದಿನ ಬೆಳಿಗ್ಗೆ ಮಾವ ಓಡುವ ದೋಣಿಯಲ್ಲಿ ನಿಂತು ಅದನ್ನು ಬಿಚ್ಚುತ್ತ ನೀರಿಗೆ ಎಸೆಯುತ್ತ ಹೋಗುತ್ತಾರೆ. ಒಂದು ಸುತ್ತು ಇನ್ನೊಂದರ ಅಡಿಗೆ ನುಸುಳಿದ್ದರೆ, ಒಂದು ಗಾಳ ಸಾಲು ತಪ್ಪಿದ್ದರೆ, ಓಡುವ ದಾರ ಎಸೆಯುವವನ ಕೈಯನ್ನೇ ಹಿಡಿಯುತ್ತದೆ. ಹಿಡಿದರೆ ಬಿಡುವುದಿಲ್ಲ, ಅವನನ್ನೂ ಕರೆದುಕೊಂಡೇ ತಳಕ್ಕೆ ಇಳಿಯುತ್ತದೆ. ಹಾಗೆ ಗಂಡನನ್ನು ಕಳೆದುಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ.

ಅದಕ್ಕೇ ನಮ್ಮಲ್ಲಿ ಯಾರೂ ಪರಿಚಯವಿಲ್ಲದ ಕೈ ಸುತ್ತಿದ ಬುಟ್ಟಿಯನ್ನು ಎಸೆಯುವುದಿಲ್ಲ. ಒಬ್ಬಳ ಸುತ್ತು ಬಿಗಿ, ಒಬ್ಬಳದು ಸಡಿಲ, ಒಬ್ಬಳು ಸಿಟ್ಟು ಬಂದರೆ ದಾರ ಎಳೆದು ಕೂರಿಸುತ್ತಾಳೆ. ಎಸೆಯುವವನ ಕೈಗೆ ಸುತ್ತಿದವಳ ಕೈ ಗೊತ್ತಿರಬೇಕು. ಗಂಡಹೆಂಡಿರು ಜಗಳವಾಡಿ ಮಾತು ಬಿಟ್ಟಾರು, ಬುಟ್ಟಿ ಬಿಡುವುದಿಲ್ಲ. ಹೆಂಡತಿ ಹೋದಳೆಂದರೆ ಗಂಡ ದೊಡ್ಡ ದಾರವನ್ನು ಅಟ್ಟಕ್ಕೆ ಹಾಕಿ, ಒಂಟಿ ಗಾಳ ಹಿಡಿದು ದಡದ ಬಂಡೆಯ ಮೇಲೆ ಕೂರುತ್ತಾನೆ. ಸಮುದ್ರಕ್ಕೂ ಅವನಿಗೂ ಅಲ್ಲಿಗೆ ಮುಗಿಯಿತು.

ನನ್ನ ಗಂಡ ಎಸೆಯುವವನಾಗಿದ್ದರೆ ನನಗೂ ಒಂದು ಬುಟ್ಟಿ ಇರುತ್ತಿತ್ತು. ಅವರು ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ದೋಣಿ ಅಲುಗಿದರೆ ಸಾಕು, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ಮೀನುಗಾರನ ಮಗನಿಗೆ ನೀರು ಕಂಡರೆ ವಾಂತಿ! ಯಾರ ಮುಂದೆ ಹೇಳಿಕೊಳ್ಳಲಿ?

ಹಾಗಾಗಿ ಮಧ್ಯಾಹ್ನವೆಲ್ಲ ಅತ್ತೆ ಸುತ್ತುವುದು, ನಾನು ಪಕ್ಕದಲ್ಲಿ ಕೂತು ಎರೆಗೆಂದು ಸಣ್ಣ ಮೀನು ಹೆಚ್ಚುವುದು. ಹಿತ್ತಲ ಜಗಲಿಗೆ ತಗಡಿನ ಮಾಡು. ಬಾಗಿಲಾಚೆ ಸಮುದ್ರ ಬಿಸಿಲು ಕಾಯುತ್ತ ಬಿದ್ದಿರುತ್ತಿತ್ತು. ಅದರ ಬೆಳಕು ಒಳಗೆ ಬಂದು ತಗಡಿನ ಅಡಿಯಲ್ಲಿ ನಿಧಾನವಾಗಿ ಅಲುಗಾಡುತ್ತಿತ್ತು. ಅತ್ತೆಯ ಬಲಗೈ ಹೋಗುತ್ತದೆ, ಬರುತ್ತದೆ, ಬೆರಳು ಮಡಚಿ ಗಾಳ ಸಿಕ್ಕಿಸುತ್ತದೆ, ಮತ್ತೆ ಹೋಗುತ್ತದೆ. ನೋಡುತ್ತ ನೋಡುತ್ತ ನನಗೆ ಕೂತಲ್ಲೇ ಜೋಂಪು ಹತ್ತಿ, ಮನೆಯೇ ಹಗ್ಗ ಬಿಚ್ಚಿಕೊಂಡು ಹೊರಟಿದೆ, ಪಾತ್ರೆಪಗಡೆ, ಒಣಹಾಕಿದ ಬಟ್ಟೆ ಸಮೇತ ನಾವಿಬ್ಬರೂ ತೇಲುತ್ತಿದ್ದೇವೆ ಅನಿಸುತ್ತಿತ್ತು. "ಲೇ, ಬೆರಳು ಹೆಚ್ಚಿಕೊಂಡೀಯ!" ಎಂದು ಅತ್ತೆ ಕೂಗಿದಾಗ ಮನೆ ಮತ್ತೆ ದಡಕ್ಕೆ ಬಂದು ನಿಲ್ಲುತ್ತಿತ್ತು.

ಆ ವರ್ಷ ಮಾವನ ಕೈಗೆ ಬಟ್ಟೆ ಸುತ್ತಿದ್ದು ಕಾಣತೊಡಗಿತು. ಮೊದಲು ಬಲಗೈ. "ಬಾಗಿಲಿಗೆ ಸಿಕ್ಕಿಹಾಕ್ಕೊಂಡಿತು" ಎಂದರು. ಆಮೇಲೆ ಎಡಗೈ. "ಬಕೆಟ್ ಹಿಡಿ ತಾಗಿತು" ಎಂದರು. ಮೀನೂ ಕಮ್ಮಿ, ಬರುವುದೂ ತಡ. ಊರಿನ ಬಾಗಿಲು, ಬಕೆಟ್‌ಗಳೆಲ್ಲ ಸೇರಿ ಈ ಮನುಷ್ಯನ ಮೇಲೆ ಯಾಕೆ ಬಿದ್ದಿವೆ ಎಂದು ನನಗೆ ಅನುಮಾನ ಬಂತು.

ಒಂದು ಮಧ್ಯಾಹ್ನ ಎರೆಯ ತಟ್ಟೆಯಲ್ಲಿ ಕೆಂಪು ಕಂಡಿತು. ಮೀನಿನದ್ದಲ್ಲ. ನೋಡಿದರೆ ಅತ್ತೆಯ ಹೆಬ್ಬೆರಳಿಗೆ ಗಾಳ ನಾಟಿದೆ, ಅವರು ಏನೂ ಆಗದ ಹಾಗೆ ಪಕ್ಕದ ಮನೆಯವಳ ಹೊಸ ಮಿಕ್ಸಿಯ ಸುದ್ದಿ ಹೇಳುತ್ತಿದ್ದಾರೆ. "ಅತ್ತೇ, ಕೈ!" ಎಂದೆ. ಕೆಳಗೆ ನೋಡಿದರು. ಆಮೇಲೇ ಗೊತ್ತಾಗಿದ್ದು ಅವರಿಗೆ. "ಅಯ್ಯೋ, ಹಾಳಾದ್ದು" ಎಂದು ಗಾಳ ಕಿತ್ತು, ಬೆರಳನ್ನು ಸೆರಗಿಗೆ ಒರೆಸಿ, ಮಿಕ್ಸಿಗೆ ಮರಳಿದರು. ನಾನು ಬುಟ್ಟಿಯೊಳಗೆ ಇಣುಕಿದೆ. ಸುತ್ತುಗಳು ಅಲ್ಲಲ್ಲಿ ಜಾರಿದ್ದವು, ಗಾಳದ ಸಾಲಿನಲ್ಲಿ ಎರಡು ಕಡೆ ಒಂದರ ಮೇಲೊಂದು ಕೂತಿದ್ದವು.

ಮಾವನ ಜೊತೆ ದೋಣಿ ನಡೆಸುವವನನ್ನು ಎಲ್ಲರೂ ರೇಡಿಯೊ ಎಂದೇ ಕರೆಯುವುದು. ಬಾಯಿಗೆ ಬಿಡುವಿಲ್ಲ, ನಿದ್ದೆಯಲ್ಲೂ ವಾರ್ತೆ ಓದುತ್ತಾನೆ ಎಂದು ಅವನ ಹೆಂಡತಿಯೇ ಹೇಳುತ್ತಾಳೆ. ಮರುದಿನ ದಡದಲ್ಲಿ ಅವನನ್ನು ಹಿಡಿದು ಕೇಳಿದೆ.

"ಅಣ್ಣಾ, ಮಾವನ ಕೈಗೆ ಏನಾಗ್ತಿದೆ?"

ರೇಡಿಯೊ ತಟ್ಟನೆ ಬಂದ್ ಆಯಿತು. ದೋಣಿಯ ನೀರು ಚೆಲ್ಲುವ ಡಬ್ಬಿಯನ್ನು ಆ ಕಡೆ ಈ ಕಡೆ ತಿರುಗಿಸಿದ.

"ಆಣೆ ಹಾಕಿಸ್ಕೊಂಡಿದ್ದಾರೆ ತಂಗಿ. ನನ್ನನ್ನ ಕೇಳ್ಬೇಡ."

"ಆಣೆ ನಿನ್ನ ಬಾಯಿಗೆ ತಾನೆ? ತಲೆ ಆಡಿಸು ಸಾಕು. ದಾರ ಹಿಡೀತಾ?"

ತಲೆ ಆಡಿಸಿದ. ಆಮೇಲೆ ತಡೆಯಲಾಗಲಿಲ್ಲ ಪಾಪ. "ಅರ್ಧ ಮೈ ದೋಣಿಯಿಂದ ಹೊರಗಿತ್ತು ಕಣಮ್ಮಾ. ತೋಳಿಗೆ ಗಾಳ ಸಿಕ್ಕಿತ್ತು. ಸೊಂಟ ಹಿಡ್ಕೊಂಡು, ಹಲ್ಲಲ್ಲಿ ಚಾಕು ಬಿಚ್ಚಿ ದಾರ ಕತ್ತರಿಸ್ದೆ. ಮೇಲೆ ಎಳ್ಕೊಂಡ್ರೆ ಮೊದಲನೇ ಮಾತು ಏನು ಗೊತ್ತಾ? 'ಅವಳಿಗೆ ಹೇಳ್ಬೇಡ' ಅಂದ್ರು."

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಹೇಳಿದರೆ ಒಂದು ಕಷ್ಟ, ಬಿಟ್ಟರೆ ಇನ್ನೊಂದು. 'ಅತ್ತೇ, ನಿಮ್ಮ ಕೈ ಸೋತಿದೆ, ಬುಟ್ಟಿ ಇತ್ತ ಕೊಡಿ' ಎಂದು ನಾನು ಹೇಗೆ ಹೇಳಲಿ? ಸೊಸೆ ಬುಟ್ಟಿ ಕಿತ್ತುಕೊಂಡಳು ಎಂದು ಬೀದಿಯೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ, ಹಾಳಾಗಿ ಹೋಗಲಿ. ಆದರೆ ಬುಟ್ಟಿಯಿಲ್ಲದ ಅತ್ತೆಯನ್ನು ನೆನೆಸಿಕೊಳ್ಳಲೂ ನನ್ನಿಂದ ಆಗುತ್ತಿರಲಿಲ್ಲ. ಹೇಳದೆ ಬಿಟ್ಟರೆ ಒಂದು ದಿನ ಮಾವ ವಾಪಸು ಬರುವುದಿಲ್ಲ.

ಸಂಜೆ ಅತ್ತೆ ಪಕ್ಕದ ಮನೆಗೆ ಮಿಕ್ಸಿ ನೋಡಲು ಹೋದರು. ನಾನು ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡೆ. ದಾರವನ್ನೆಲ್ಲ ಹೊರಗೆ ತೆಗೆದು ಮೊದಲಿನಿಂದ ಸುತ್ತಿದೆ. ಯಾರೂ ಕಲಿಸಿರಲಿಲ್ಲ, ಇಷ್ಟು ವರ್ಷ ನೋಡಿದ್ದೇ ಕೈಯೊಳಗೆ ಇಳಿದು ಕೂತಿತ್ತು. ಕೈ ತಾನಾಗಿ ಹೋಯಿತು, ತಾನಾಗಿ ಬಂತು. ಒಳಗೆ ಕತ್ತಲಾಗುತ್ತಿತ್ತು, ದಾರ ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಸತ್ಯ ಹೇಳುತ್ತೇನೆ, ಅಂಥ ಸುಖವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸುತ್ತಿ ಮುಗಿದಾಗ ಬುಟ್ಟಿ ನೋಡಲು ಎಷ್ಟು ಚೆಂದವಿತ್ತೆಂದರೆ, ನನ್ನ ಕೈಗೆ ನಾನೇ ದೃಷ್ಟಿ ಹಾಕಿಕೊಳ್ಳುವಷ್ಟು.

ಮರುದಿನ ಬಿಸಿಲೇರುವ ಮೊದಲೇ ಮಾವ ಬಂದರು. ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ, ಅತ್ತೆ ಸ್ನಾನಕ್ಕೆ ಹೋಗಿದ್ದರು. ಬುಟ್ಟಿಯನ್ನು ನನ್ನ ಮುಂದೆ ಇಟ್ಟರು. ಮೇಲಿನ ನಾಲ್ಕಾರು ಸುತ್ತು ಮಾತ್ರ ಬಿಚ್ಚಿತ್ತು.

"ಇದು ಯಾರ ಕೈ?"

"ಅತ್ತೆದೇ. ಇನ್ಯಾರದ್ದು?" ಎಂದೆ.

"ಅವಳ ಕೈ ಅಲ್ಲ ಇದು." ಮಾವ ನನ್ನ ಮೇಲೆ ಎಂದೂ ದನಿ ಏರಿಸಿದವರಲ್ಲ, ಆಗಲೂ ಏರಿಸಲಿಲ್ಲ. ಮುಖ ಮಾತ್ರ ಕಪ್ಪಿಟ್ಟಿತ್ತು. "ಚೆನ್ನಾಗಿದೆ. ಅವಳಿಗಿಂತ ಚೆನ್ನಾಗಿದೆ. ನಂಗೆ ಬೇಡ."

"ಸಾಯ್ತೀರ ಮಾವ!" ನನಗೂ ರೇಗಿಹೋಯಿತು. "ರೇಡಿಯೊ ಅಣ್ಣ ಇಲ್ದೆ ಇದ್ದಿದ್ರೆ ಆವತ್ತೇ ಹೋಗಿರ್ತಿದ್ರಿ. ನಿಮ್ಮ ಹಟಕ್ಕೆ ಒಂದು ಮಿತಿ ಬೇಡ್ವಾ?"

"ಬುಟ್ಟಿ ತಗೊಂಡ್ರೆ ಅವಳ ಹತ್ರ ಇನ್ನೇನಿದೆ, ಹೇಳು. ದೇವರು ಕೊಟ್ಟ ಆ ಸಿಟ್ಟು ಒಂದು ಬಿಟ್ರೆ?"

ನಾನು ಪಾತ್ರೆ ಬಿಟ್ಟು ಎದ್ದು ನಿಂತೆ. "ಹಾಗಾದ್ರೆ ನಾಳೆ ನಾನೂ ದೋಣಿಗೆ ಬರ್ತೀನಿ. ಬೇಡ ಅಂದ್ರೆ ಈಗಲೇ ಬಚ್ಚಲ ಬಾಗಿಲು ಬಡಿದು ಎಲ್ಲಾ ಹೇಳ್ತೀನಿ."

ಮಾವ ಬಚ್ಚಲ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಈ ಮನೆಯಲ್ಲಿ ಒಬ್ಬಳು ಸಾಲ್ದು ಅಂತ ಇನ್ನೊಬ್ಬಳನ್ನ ತಂದ್ಕೊಂಡೆ" ಎಂದು ಗೊಣಗಿ ಹೊರಟುಹೋದರು. ಅದನ್ನು ಒಪ್ಪಿಗೆ ಎಂದೇ ನಾನು ತಿಳಿದುಕೊಂಡೆ.

ಅತ್ತೆಗೆ, ಸಮುದ್ರದ ಗಾಳಿ ಕುಡಿಯದೆ ಬಹಳ ದಿನವಾಯಿತು ಎಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೋಗು. ನಿನ್ನ ಗಂಡನ ಹಾಗೆ ದೋಣಿ ತುಂಬ ಕಕ್ಕಿ ಬರ್ಬೇಡ" ಎಂದರು. ಆ ಮಧ್ಯಾಹ್ನ ಬುಟ್ಟಿಯನ್ನು ಅವರೇ ಸುತ್ತಿದರು. ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದೆ. ತಪ್ಪುಗಳು ಹಿಂದಿಗಿಂತ ಹೆಚ್ಚಾಗಿದ್ದವು.

ಬೆಳಕು ಹರಿಯುವಾಗ ಹೊರಟೆವು. ಗಾಳಿಯಿರಲಿಲ್ಲ. ನೀರಿನ ಮೇಲೆ ಮಂಜು ಕೂತು, ಮೇಲೆ ಯಾವುದು ಕೆಳಗೆ ಯಾವುದು ತಿಳಿಯದ ಹಾಗಿತ್ತು. ದಡ ಮೊದಲು ಬೂದಿಯಾಯಿತು, ಆಮೇಲೆ ಇಲ್ಲವಾಯಿತು. ಬೇರೆ ದೋಣಿಗಳವರು ಎಲ್ಲೋ ಕೆಮ್ಮಿದ್ದು, ಯಾರೋ ನಕ್ಕಿದ್ದು ಪಕ್ಕದ ಕೋಣೆಯಿಂದ ಬಂದಂತೆ ಕೇಳುತ್ತಿತ್ತು. ನಾನು ಮಾವನ ಬೆನ್ನ ಹಿಂದೆ ಕೂತು, ಅವರ ಅಂಗಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ದಾರ ಎಳೆದರೆ ಅಂಗಿ ಹರಿಯಬಹುದು, ಮಾವನನ್ನು ಬಿಡಬಾರದು ಎಂದುಕೊಂಡಿದ್ದೆ.

ಅವರು ಎಸೆಯಲೇ ಇಲ್ಲ. ರೇಡಿಯೊ ಯಂತ್ರ ನಿಲ್ಲಿಸಿದ. ಮಾವ ಹಲಗೆಯ ಕೆಳಗಿಂದ ಒಂದು ಖಾಲಿ ಬುಟ್ಟಿಯನ್ನು ಹೊರಗೆಳೆದು, ಅತ್ತೆಯ ಬುಟ್ಟಿಯ ಪಕ್ಕದಲ್ಲಿಟ್ಟು, ಚಕ್ಕಳಮಕ್ಕಳ ಹಾಕಿ ಕೂತರು. ಒಂದೊಂದೇ ಸುತ್ತನ್ನು ಬಿಚ್ಚಿ ಆಚೆ ಬುಟ್ಟಿಗೆ ಸುತ್ತತೊಡಗಿದರು. ರೇಡಿಯೊ ಒಂದು ಮಾತೂ ಆಡದೆ ಹುಟ್ಟು ಹಿಡಿದು ದೋಣಿಯನ್ನು ನಿಂತಲ್ಲೇ ನಿಲ್ಲಿಸಿದ. ಓಹೋ, ಆವತ್ತು ದಾರ ಹಿಡಿದ ಮೇಲೆ ದಿನಾ ತಡವಾಗುವುದು ಇದಕ್ಕೇ! ಮೀನು ಮೇಯುವ ಹೊತ್ತೆಲ್ಲ ಇಲ್ಲಿ ಕೂತು ಹೆಂಡತಿಯ ತಪ್ಪು ತಿದ್ದುವುದು.

"ನಾನು ಸುತ್ತಿದ್ದನ್ನೇ ಎಸೀಬಹುದಿತ್ತಲ್ಲ ಮಾವ" ಎಂದೆ. ಸಿಟ್ಟು ಎಲ್ಲಿ ಹೋಗಿತ್ತೋ.

"ಬಾ ಇಲ್ಲಿ. ಕೈ ಕೊಡು." ನನ್ನ ಬೆರಳುಗಳನ್ನು ದಾರದ ಮೇಲಿಟ್ಟರು. "ಇಲ್ಲಿ ಬಿಗಿಯಾಗಿದೆ, ಗೊತ್ತಾಗ್ತಿದೆಯಾ? ಇಲ್ಲಿ ನಿನ್ನನ್ನ ಬೈದಿದ್ದಾಳೆ."

ಹೌದು, ಬೈದಿದ್ದರು. ಎರೆ ದಪ್ಪ ಹೆಚ್ಚಿದೆ ಎಂದು.

"ಇಲ್ಲಿ ಸಡಿಲ. ನಿದ್ದೆ ಬಂದಿದೆ." ಸ್ವಲ್ಪ ಮುಂದೆ ಹೋದರು. "ಇಲ್ಲಿ ಎದ್ದು ಹೋಗಿ ನೀರು ಕುಡಿದು ಬಂದಿದ್ದಾಳೆ. ಬಂದ ಮೇಲೆ ಕೂತಿದ್ದು ಸ್ವಲ್ಪ ಎಡಕ್ಕೆ. ಇಲ್ಲಿ ನೋಡು, ಯಾರ ಸುದ್ದಿನೋ ಹೇಳ್ತಾ ಖುಷಿಯಲ್ಲಿದ್ದಾಳೆ, ಸುತ್ತೆಲ್ಲಾ ದೊಡ್ಡ ದೊಡ್ಡದು." ಮಾವ ನಕ್ಕರು. "ಮನೇಲಿ ನಮ್ಮಿಬ್ಬರದು ಮಾತು ಎಲ್ಲಿ? ಅವಳಿಗೆ ಪುರುಸೊತ್ತಿಲ್ಲ, ನಂಗೆ ನಿದ್ದೆ. ಇಲ್ಲೇ ಎಲ್ಲಾ ಗೊತ್ತಾಗೋದು. ಹರೆಯದಿಂದ ಹೀಗೇ."

ಮಂಜು ನಮ್ಮ ಸುತ್ತ ಸುಮ್ಮನೆ ನಿಂತಿತ್ತು. ಮಾವ ಸುತ್ತುತ್ತ ಹೋದರು, ನಾನು ಅವರ ಪಕ್ಕ ಕೂತು ಅತ್ತೆಯ ಒಂದಿಡೀ ಮಧ್ಯಾಹ್ನ ಬುಟ್ಟಿಯಿಂದ ಬುಟ್ಟಿಗೆ ಹೋಗುವುದನ್ನು ನೋಡಿದೆ. ಬಿಸಿಲು ಬಂದ ಮೇಲೆ ಎಸೆದರು. ಬಂದ ಮೀನು ನಮ್ಮ ಮನೆಗೆ ಸಾಕಾಗಿ, ಬೆಕ್ಕಿಗೂ ಸ್ವಲ್ಪ ಉಳಿಯುವಷ್ಟು.

ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಮಾವ ಒಳಗೆ ಹೋಗುವವರೆಗೂ ಸುಮ್ಮನಿದ್ದು, "ಹೇಗೆ ಓಡಿತೇ ನನ್ನ ದಾರ?" ಎಂದು ಕೇಳಿದರು.

"ನೀರು ಹರಿದ ಹಾಗೆ ಓಡಿತು ಅತ್ತೆ."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ." ಅವರು ಎರೆ ಹೆಚ್ಚುವ ಹಲಗೆಯಿಂದ ಒಂದು ಗಾಳ ತೆಗೆದು ತಮ್ಮ ಬೆರಳ ತುದಿಗೆ ಚುಚ್ಚಿ ತೋರಿಸಿದರು. "ನೋಡು, ಏನೂ ಇಲ್ಲ. ಮರದ ತುಂಡು ಆಗಿದೆ. ಅವರ ಕೈ ಬಟ್ಟೆ ನೋಡ್ತಿಲ್ವಾ ನಾನು? ಬಾಗಿಲು ತಾಗಿತು, ಬಕೆಟ್ ತಾಗಿತು! ಮಕ್ಕಳ ಕಥೆ ನನ್ನ ಹತ್ರ."

"ಗೊತ್ತಿದ್ದೂ ಸುತ್ತಿದ್ರಾ?" ನನಗೆ ಮೈಯೆಲ್ಲ ಉರಿಯಿತು. "ಅವರು ಹೋಗ್ಬಿಟ್ಟಿದ್ರೆ?"

ಅತ್ತೆಯ ಮುಖ ಸಣ್ಣಗಾಯಿತು. ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ಆ ಹೆಂಗಸು ಮಾತು ಹುಡುಕಿದ್ದನ್ನು ನೋಡಿದೆ. "ದಿನಾ ಬೆಳಿಗ್ಗೆ ಅವರು ಹೋದ ಮೇಲೆ ಜೀವ ಕೈಯಲ್ಲಿ ಹಿಡ್ಕೊಂಡು ಕೂರ್ತೀನಿ ಕಣೇ. ಬಿಟ್ಬಿಡೋಣ ಅಂತ ಎಷ್ಟು ಸಲ ಬಾಯಿವರೆಗೆ ಬಂತು. ಬಿಟ್ರೆ ಅವರು ಸಮುದ್ರಕ್ಕೆ ಹೋಗಲ್ಲ. ಬಂಡೆ ಮೇಲೆ ಕೂತ್ಕೊಂಡ ಗಂಡಸರನ್ನ ನೋಡಿಲ್ವಾ ನೀನು? ಒಂದೇ ವರ್ಷಕ್ಕೆ ಒಣಗಿ ಹೋಗ್ತಾರೆ. ನಿನ್ನ ಬುಟ್ಟಿ ವಾಪಸ್ ತಂದ್ರಲ್ಲ. ಬಚ್ಚಲಲ್ಲಿದ್ದೆ, ಕಿವುಡಿ ಆಗಿರಲಿಲ್ಲ."

ಬೆರಳಿನ ಗಾಳವನ್ನು ಕಿತ್ತು ಮತ್ತೆ ಹಲಗೆಗೆ ಚುಚ್ಚಿಟ್ಟರು.

"ನಾಳೆಯಿಂದ ನೀನು ಸುತ್ತು" ಎಂದರು ಅತ್ತೆ. "ಅವರಿಗೆ ಗೊತ್ತಾಗ್ಬಾರ್ದು."

"ಗೊತ್ತಾಗದೆ ಇರುತ್ತಾ? ಬೆರಳಿಟ್ಟ ಕೂಡಲೇ ಹಿಡೀತಾರೆ."

"ನೀನು ಚೆನ್ನಾಗಿ ಸುತ್ತಿದ್ದಕ್ಕೆ ಹಿಡಿದ್ರು. ನನ್ನ ಹಾಗೆ ಸುತ್ತು. ತಪ್ಪು ಮಾಡೋದು ಕಲಿ."

ಕೇಳಿದಿರಾ? ಇಷ್ಟು ವರ್ಷ ಸರಿಯಾಗಿ ಮಾಡುವುದಕ್ಕೂ ಬಿಡದವರು ಈಗ ತಪ್ಪು ಕಲಿಸುವುದಕ್ಕೆ ಕೂತರು. ಅತ್ತೆಯಷ್ಟು ಕಟ್ಟುನಿಟ್ಟಿನ ಗುರು ಯಾರಿಗೂ ಬೇಡ. ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟು, "ಇಲ್ಲಿ ನಂಗೆ ನಿದ್ದೆ ಬರೋ ಹೊತ್ತು, ಸಡಿಲ ಬಿಡು. ಅಷ್ಟಲ್ಲ! ಸತ್ತೇ ಹೋದ್ಳು ಅಂದ್ಕೋತಾರೆ" ಎನ್ನುವರು. ಬಿಗಿ ಬರಬೇಕಾದ ಕಡೆ ನಿಜವಾಗಿಯೇ ಬೈಯುವರು. ಜಾರಿದ ಸುತ್ತು ಜಾರಿದ ಹಾಗೆ ಕಾಣಬೇಕು, ಆದರೆ ದಾರ ಎಲ್ಲೂ ಹಿಡಿಯಬಾರದು. ಗಾಳ ಸೊಟ್ಟಗೆ ಕೂರಬೇಕು, ಆದರೆ ಒಂದರ ಮೇಲೊಂದು ಏರಬಾರದು. ಅದನ್ನು ಕಲಿಯುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಮಧ್ಯೆ ಎದ್ದು ಹೋಗಿ, ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿದು, ಬಂದು ಸ್ವಲ್ಪ ಎಡಕ್ಕೆ ಕೂರುತ್ತಿದ್ದೆ.

ನಾನು ಸುತ್ತಿದ ಬುಟ್ಟಿ ಸಮುದ್ರಕ್ಕೆ ಹೋದ ಮೊದಲ ದಿನ ನಾನೂ ಅತ್ತೆಯೂ ಬಾಗಿಲಲ್ಲೇ ನಿಂತಿದ್ದೆವು. ಮಾವ ಬೇಗ ಬಂದರು. ಬುಟ್ಟಿ ಖಾಲಿಯಾಗಿತ್ತು, ರೇಡಿಯೊ ಅರ್ಧ ಬೀದಿಗೆ ಕೇಳುವ ಹಾಗೆ ಮೀನಿನ ವಾರ್ತೆ ಓದುತ್ತ ಬರುತ್ತಿದ್ದ. "ಇವತ್ತು ಚೆನ್ನಾಗಿ ಓಡಿತು ಕಣೇ" ಎಂದರು ಮಾವ ಅತ್ತೆಗೆ. ಅತ್ತೆ, "ಓಡದೆ ಏನು? ನಿನ್ನೆ ಮೊನ್ನೆಯಿಂದ ಸುತ್ತೋದಾ ನಾನು?" ಎಂದು ಮೂತಿ ತಿರುಗಿಸಿ ಒಳಗೆ ಹೋದರು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಅಂದಿನಿಂದ ಮಾವನ ಕೈಗೆ ಹೊಸ ಬಟ್ಟೆ ಬೀಳಲಿಲ್ಲ.

ಹಾಗೇ ದಿನಗಳು ಹೋದವು. ಅತ್ತೆಗೆ ಮಧ್ಯಾಹ್ನದ ನಿದ್ದೆ ಹೆಚ್ಚುತ್ತ ಬಂತು. ಪಾಠ ಹೇಳುತ್ತ ಹೇಳುತ್ತಲೇ ಗೋಡೆಗೆ ಒರಗುತ್ತಿದ್ದರು. ಒಂದು ದಿನ ನಾನು ಸುತ್ತುತ್ತಿದ್ದೆ, ಅವರ ಕಣ್ಣು ಮುಚ್ಚಿತ್ತು, ಉಸಿರು ನಿಧಾನವಾಗಿತ್ತು. ಪಕ್ಕದಲ್ಲಿ ಏನೋ ಅಲುಗಿದಂತಾಗಿ ತಿರುಗಿದೆ. ಮಡಿಲಲ್ಲಿ ಅವರ ಕೈಗಳು ಸುತ್ತುತ್ತಿದ್ದವು. ಬಲಗೈ ಹೋಯಿತು, ಬಂತು, ಬೆರಳು ಮಡಚಿ ಇಲ್ಲದ ಗಾಳವನ್ನು ಇಲ್ಲದ ಅಂಚಿಗೆ ಸಿಕ್ಕಿಸಿತು, ಮತ್ತೆ ಹೋಯಿತು. ತಗಡಿನ ಅಡಿಯಲ್ಲಿ ಸಮುದ್ರದ ಬೆಳಕು ಅಲುಗುತ್ತಿತ್ತು. ಅವರು ಒಂದು ಸುತ್ತನ್ನೂ ತಪ್ಪಲಿಲ್ಲ. ನನಗೆ ದುಃಖ ಒತ್ತರಿಸಿ ಬಂತು. ದಾರ ಬಿಡಲಾಗದೆ, ಅಳುತ್ತಲೇ ಸುತ್ತಿದೆ. ಆಮೇಲೆ ಕಣ್ಣೊರೆಸಿಕೊಂಡು ಆ ಭಾಗವನ್ನೆಲ್ಲ ಬೆರಳಿಟ್ಟು ಪರೀಕ್ಷಿಸಿದೆ. ಅತ್ತೆ ಹೇಳಿಕೊಟ್ಟಂತೆಯೇ ಇತ್ತು.

ಮರುದಿನ ಮಾವ ಊಟ ಮುಗಿಸಿ, ನಾನು ಒದ್ದೆ ದಾರ ಬಿಡಿಸುತ್ತಿದ್ದ ಮೆಟ್ಟಿಲಿಗೆ ಬಂದು ಕೂತರು. ಅತ್ತೆ ಒಳಗೆ ಮಲಗಿದ್ದರು.

"ನಿನ್ನೆ ಮಧ್ಯದಲ್ಲಿ ಯಾಕೆ ಅಳ್ತಿದ್ದೆ?" ಎಂದರು, ಮೆಲ್ಲಗೆ.

ನನ್ನ ಕೈ ನಿಂತುಹೋಯಿತು. "ನಾನಾ? ಬುಟ್ಟಿ ಸುತ್ತೋದು ಅತ್ತೆ ಅಲ್ವಾ ಮಾವ?"

"ಹೌದು. ಬುಟ್ಟಿ ಅವಳೇ ಸುತ್ತೋದು. ಅವಳಿಗೂ ಹಾಗೇ ಹೇಳ್ತಿರು." ಅವರು ದಾರದ ಇನ್ನೊಂದು ತುದಿಯನ್ನು ಎತ್ತಿಕೊಂಡು ನನ್ನ ಜೊತೆ ಬಿಡಿಸತೊಡಗಿದರು. "ನೀನು ಯಾಕೆ ಅಳ್ತಿದ್ದೆ, ಅದನ್ನ ಹೇಳು."

ಹೇಳಿದೆ. ನಿದ್ದೆಯಲ್ಲಿ ಅತ್ತೆಯ ಕೈ ಹೇಗೆ ಹೋಗುತ್ತಿತ್ತು, ಹೇಗೆ ಬರುತ್ತಿತ್ತು, ಎಲ್ಲ ಹೇಳಿದೆ. ಮಾವ ಕೈಯಲ್ಲಿದ್ದ ಗಂಟನ್ನು ಬಿಡಿಸಿ ಮುಗಿಸಿದರು.

"ಖಾಲಿ ಕೈ ಸುತ್ತಬಾರದಮ್ಮ" ಎಂದರು. "ನಾಳೆ ಅವಳಿಗೆ ನಿದ್ದೆ ಬಂದಾಗ ಕೈಯಲ್ಲಿ ಒಂದು ತುಂಡು ದಾರ ಇಡು."

ಸಂಜೆ ನಾನು ಹೊಸ ದಾರದಿಂದ ಒಂದಷ್ಟು ಉದ್ದ ಕತ್ತರಿಸಿ, ಒಗೆದು, ಒಣಗಿಸಿ ಅತ್ತೆಯ ಚಾಪೆಯ ಪಕ್ಕದಲ್ಲಿಟ್ಟೆ. ಅದಕ್ಕೆ ಗಾಳ ಕಟ್ಟಲಿಲ್ಲ.